ಓಲೆಗರಿಯಿಂದ ಹಾರ್ಡ್ ಡಿಸ್ಕಿಗೆ: ಮನೆಯ ವಿಡಿಯೋ ಸಂಗ್ರಹದ ರಕ್ಷಣೆಯನ್ನು ಕುರಿತು

‘ಯೋಗಕ್ಷೇಮ’ ಎಂಬ ಮಾತನ್ನು ನಾವು ಕಾಗದದ ಮೊದಲ ಸಾಲಿನಲ್ಲಿ ಬರೆದು ಮುಂದಕ್ಕೆ ಸಾಗಿಬಿಡುತ್ತೇವೆ. ಶಾಸ್ತ್ರವನ್ನು ಓದಿಕೊಂಡವರು ಅದನ್ನು ಬಿಡಿಸಿ ಹೇಳುವ ಕ್ರಮ ಬೇರೆ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಯೋಗಕ್ಕೆ ಉತ್ಸಾಹವೊಂದಿದ್ದರೆ ಸಾಕು, ಕ್ಷೇಮಕ್ಕೆ ನಿಯಮ ಬೇಕು. ವಿಡಿಯೋ ಚಿತ್ರಗಳ ಸಂಗ್ರಹದ ವಿಷಯದಲ್ಲಿ ನಮ್ಮ ಕಾಲದವರು ಯೋಗದಲ್ಲಿ ಶ್ರೀಮಂತರು, ಕ್ಷೇಮದಲ್ಲಿ ಕಡುಬಡವರು. ಮದುವೆ, ಸ್ನೇಹಸಮ್ಮೇಳನ, ಜಾತ್ರೆ, ಆಟ, ಪಾಠ, ಪ್ರವಚನ ಇವೆಲ್ಲವನ್ನೂ ಚಿತ್ರಿಸಿಟ್ಟವರು ಊರೂರಿನಲ್ಲಿದ್ದಾರೆ. ಮೂವತ್ತು ವರ್ಷದ ಹಿಂದಿನ ಒಂದನ್ನು ಈಗ ತೋರಿಸಿರೆಂದರೆ ತೋರಿಸಬಲ್ಲವರು ವಿರಳ.

ಪಂಡಿತನಾದವನು ವ್ಯಾಕರಣ ಛಂದಸ್ಸುಗಳನ್ನು ಬಿಟ್ಟು ಯಂತ್ರಗಳ ವಿಚಾರಕ್ಕೆ ಏಕೆ ಕೈಹಾಕಿದನೆಂದು ವಾಚಕರು ಕೇಳಬಹುದು. ಕೈ ಸುಟ್ಟುಕೊಂಡವನಿಗೆ ಬೆಂಕಿಯ ವಿಚಾರವಾಗಿ ಎರಡು ಮಾತು ಹೇಳುವ ಅಧಿಕಾರವುಂಟು. ಆ ಅಧಿಕಾರದಿಂದ ಮಾತ್ರವೇ ಈ ಲೇಖನವನ್ನು ಬರೆಯಲು ತೊಡಗಿದ್ದೇನೆ.

ನಷ್ಟದ ವೃತ್ತಾಂತ

ನನಗೆ ಹಳಗನ್ನಡವನ್ನು ಕಲಿಸಿದ ಗುರುಗಳು ಕಂದವನ್ನು ಓದುತ್ತಿದ್ದ ರೀತಿಯೇ ಬೇರೆ. ಪದವನ್ನು ಎಲ್ಲಿ ಒಡೆಯಬೇಕು, ಎಲ್ಲಿ ಉಸಿರನ್ನು ಹಿಡಿಯಬೇಕು, ಅನ್ವಯವು ಕಿವಿಗೇ ತಿಳಿಯುವಂತೆ ಧ್ವನಿಯನ್ನು ಎಲ್ಲಿ ಇಳಿಸಬೇಕು ಎಂಬುದು ಯಾವ ಟೀಕೆಯಲ್ಲಿಯೂ ದೊರೆಯುವ ವಿದ್ಯೆಯಲ್ಲ. ಅವರಿಗೆ ಎಪ್ಪತ್ತು ದಾಟಿದ ಮೇಲೆ, 2003ರ ಬೇಸಗೆಯಲ್ಲಿ, ಅವರ ಪಡಸಾಲೆಯಲ್ಲಿಯೇ ಕುಳಿತು ಹನ್ನೊಂದು ಪಾಠಗಳನ್ನು ಮಿನಿ ಡಿ.ವಿ. ಕ್ಯಾಸೆಟ್ಟುಗಳಲ್ಲಿ ಚಿತ್ರಿಸಿಕೊಂಡೆನು. 2009ರಲ್ಲಿ ಅವರು ತೀರಿಕೊಂಡರು. 2011ರಲ್ಲಿ ಆ ಹನ್ನೊಂದನ್ನೂ ಕಂಪ್ಯೂಟರಿಗೆ ಇಳಿಸಿ ಒಂದು ಹಾರ್ಡ್ ಡಿಸ್ಕಿನಲ್ಲಿ ತುಂಬಿದೆನು. ಕೆಲಸ ಪೂರೈಸಿತೆಂದು ತಿಳಿದು ಮಿತವ್ಯಯದ ಬುದ್ಧಿಯಿಂದ ಆ ಕ್ಯಾಸೆಟ್ಟುಗಳ ಮೇಲೆಯೇ ಮರುವರ್ಷದ ಸ್ನೇಹಸಮ್ಮೇಳನವನ್ನು ಚಿತ್ರಿಸಿದೆನು. ಒಂದು ಕ್ಯಾಸೆಟ್ಟಿಗೆ ಉಳಿದ ಹಣ ಇನ್ನೂರು ರೂಪಾಯಿಯ ಒಳಗೇ ಇದ್ದಿತು.

2019ರಲ್ಲಿ ಗುರುಗಳ ಮೊಮ್ಮಗಳು ಮನೆಗೆ ಬಂದಳು. “ಕಾಕಾ, ಅಜ್ಜಾರ ದನಿ ನಿಮ್ಮ ಹತ್ರ ಐತಂತಲ್ರೀ, ನನ್ನ ಮಕ್ಕಳಿಗೆ ಒಮ್ಮೆ ಕೇಳಸ್ರಿ” ಎಂದಳು. ಡಿಸ್ಕನ್ನು ಜೋಡಿಸಿದೆನು. ಒಳಗಿನಿಂದ ಹಲ್ಲಿ ಲೊಚಗುಟ್ಟಿದಂತೆ ಸದ್ದು ಬಂದಿತೇ ಹೊರತು ಚಿತ್ರ ಮೂಡಲಿಲ್ಲ. ಪಟ್ಟಣದಲ್ಲಿ ಅದನ್ನು ಬಿಚ್ಚಿ ನೋಡಿದವರು ತಿಂಗಳ ಮೇಲೆ ಹಿಂದಿರುಗಿಸಿ, ತಟ್ಟೆಯ ಮೇಲ್ಮೈಯೇ ಗೀರಿಹೋಗಿದೆ ಎಂದರು. ಆ ಹುಡುಗಿ ಏನೂ ಅನ್ನದೆ ಚಹ ಕುಡಿದು ಎದ್ದು ಹೋದಳು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಕೆಲವು ದಿನಗಳ ಬಳಿಕ ನೆನಪಾಯಿತು: ಬೇರೆ ಊರಿನಲ್ಲಿ ಅಧ್ಯಾಪಕನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು 2012ರಲ್ಲಿ ಬಂದಾಗ ನಾಲ್ಕು ಪಾಠಗಳನ್ನು ಡಿ.ವಿ.ಡಿ.ಗಳಲ್ಲಿ ಬೇಡಿ ಒಯ್ದಿದ್ದನು. ಆ ನಾಲ್ಕೂ ಅವನ ಕಪಾಟಿನಲ್ಲಿ ಭದ್ರವಾಗಿದ್ದವು. ಹನ್ನೊಂದರಲ್ಲಿ ಉಳಿದವು ಅವು ನಾಲ್ಕೇ. ನಾನು ಜೋಪಾನಮಾಡಿದ ಪ್ರತಿ ಅಳಿಯಿತು. ಕೇಳಿದವನಿಗೆ ಕೊಟ್ಟುಬಿಟ್ಟ ಪ್ರತಿ ಉಳಿಯಿತು. ಮುಂದಿನ ವಿಚಾರವೆಲ್ಲ ಈ ಒಂದು ಅನುಭವದ ವ್ಯಾಖ್ಯಾನವೆಂದು ತಿಳಿಯಬಹುದು.

ನನ್ನಂತಹ ಅವಿವೇಕಿಗಳು ದೊಡ್ಡ ಸಂಸ್ಥೆಗಳಲ್ಲಿಯೂ ಇದ್ದರೆಂಬುದು ಒಂದು ಬಗೆಯ ಸಮಾಧಾನ. 1969ರಲ್ಲಿ ಮಾನವನು ಚಂದ್ರನ ಮೇಲೆ ಕಾಲಿಟ್ಟ ದೃಶ್ಯವನ್ನು ಮೂಲ ಸ್ವರೂಪದಲ್ಲಿ ಹಿಡಿದಿದ್ದ ಟೇಪುಗಳನ್ನು ಅಮೆರಿಕದ ನಾಸಾ ಸಂಸ್ಥೆಯವರು ಹುಡುಕಿ ಹುಡುಕಿ, ಅವು ಅಳಿಸಲ್ಪಟ್ಟು ಬೇರೆ ಕೆಲಸಕ್ಕೆ ಬಳಕೆಯಾಗಿರಬೇಕೆಂದು 2009ರಲ್ಲಿ ಹೇಳಬೇಕಾಯಿತು. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಕಂಡಿತು. ಇಂದು ಅದರ ಪ್ರತಿ ಎಲ್ಲಿಯೂ ದೊರೆಯದು.

ಪ್ರತಿಯೇ ಪ್ರಾಣ

ನಮ್ಮ ಸಾಹಿತ್ಯಚರಿತ್ರೆಯನ್ನು ಓದಿದವರಿಗೆ ಇದು ಹೊಸ ಪಾಠವಲ್ಲ. ರನ್ನನು ‘ಪರಶುರಾಮಚರಿತ’, ‘ಚಕ್ರೇಶ್ವರಚರಿತ’ಗಳನ್ನು ರಚಿಸಿದನೆಂದು ತಿಳಿಯುತ್ತದೆ, ಕಾವ್ಯಗಳು ಮಾತ್ರ ದೊರೆತಿಲ್ಲ. ಗುಣವರ್ಮನ ‘ಶೂದ್ರಕ’ದಿಂದ ನಮಗೆ ಉಳಿದಿರುವುದು ಸಂಕಲನಕಾರರು ಎತ್ತಿಕೊಂಡ ಬಿಡಿಪದ್ಯಗಳು. ಪೊನ್ನನ ‘ಭುವನೈಕರಾಮಾಭ್ಯುದಯ’ವೂ ಹೋಯಿತು. ಆದರೆ ಅದೇ ಪೊನ್ನನ ‘ಶಾಂತಿಪುರಾಣ’ ಉಳಿದಿದೆ. ದಾನಚಿಂತಾಮಣಿ ಅತ್ತಿಮಬ್ಬೆ ಆ ಕಾವ್ಯದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಸಾವಿರದಲ್ಲಿ ಎಷ್ಟನ್ನು ಗೆದ್ದಲು ತಿಂದಿತೋ, ಎಷ್ಟು ಮಳೆಗೆ ಕೊಳೆತವೋ! ಕಾಲದ ಕೈಗೆ ಅಷ್ಟನ್ನು ಕೊಟ್ಟರೂ ನಮ್ಮ ಪಾಲಿಗೆ ಸ್ವಲ್ಪ ಮಿಕ್ಕಿತು. ಒಂದೇ ಓಲೆಗರಿಯ ಕಟ್ಟನ್ನು ಚಿನ್ನದ ಪೆಟ್ಟಿಗೆಯಲ್ಲಿಟ್ಟಿದ್ದರೂ ಈ ಫಲ ದೊರೆಯುತ್ತಿರಲಿಲ್ಲ.

ಆದುದರಿಂದ ಮೊದಲನೆಯ ಸೂತ್ರವಿದು: ನೂರು ವರ್ಷ ಬಾಳುವ ಒಂದು ವಸ್ತುವನ್ನು ಹುಡುಕುತ್ತ ಕೂಡುವುದಕ್ಕಿಂತ ಹತ್ತು ವರ್ಷ ಬಾಳುವ ಮೂರು ವಸ್ತುಗಳನ್ನು ಕೊಂಡು, ಅವು ಹಳೆಯವಾಗುವ ಮೊದಲೇ ಮತ್ತೆ ಪ್ರತಿ ಮಾಡಿಸುವುದು ಜಾಣತನ. ಓಲೆಗರಿಯ ಕಾಲದ ಲಿಪಿಕಾರನೂ ಗರಿ ಮುರಿಯತೊಡಗಿದೊಡನೆ ಹೊಸ ಗರಿಗಳಿಗೆ ಪಾಠವನ್ನು ಇಳಿಸುತ್ತಿದ್ದನು. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಸಂಗ್ರಹಿಸಿ ಅಲ್ಲಿಗೇ ನಿಲ್ಲಲಿಲ್ಲ. 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ತಂದರು. ಓಲೆ ಕಾಗದವಾಯಿತು, ಒಂದು ನೂರಾರಾಯಿತು. ರಕ್ಷಣೆ ಎಂದರೆ ಕಾಲಕಾಲಕ್ಕೆ ವಾಹನ ಬದಲಿಸುವುದೇ.

ಓದುವ ಯಂತ್ರದ ಚಿಂತೆ

ಪ್ರತಿ ಇದ್ದರೂ ಸಾಲದೆಂಬುದಕ್ಕೆ ಇಂಗ್ಲೆಂಡಿನ ಒಂದು ನಿದರ್ಶನವಿದೆ. ಅಲ್ಲಿ 1086ರಲ್ಲಿ ದೊರೆಯ ಆಜ್ಞೆಯಿಂದ ಸಿದ್ಧವಾದ ‘ಡೂಮ್ಸ್‌ಡೇ’ ಎಂಬ ಭೂಮಿಕಾಣಿಯ ದಫ್ತರವುಂಟು. ಅದರ ಒಂಬೈನೂರನೆಯ ವರ್ಷದ ನೆನಪಿಗಾಗಿ 1986ರಲ್ಲಿ ಬಿ.ಬಿ.ಸಿ. ಸಂಸ್ಥೆಯವರು ದೇಶದ ಚಿತ್ರ, ನಕಾಶೆ, ಬರಹಗಳನ್ನು ಕೂಡಿಸಿ ಲೇಸರ್ ತಟ್ಟೆಗಳಲ್ಲಿ ಹೊಸ ದಫ್ತರವೊಂದನ್ನು ಹೊರತಂದರು. ಸಾವಿರಾರು ಶಾಲೆಗಳ ಮಕ್ಕಳು ಅದಕ್ಕೆ ದುಡಿದರು. ಹದಿನೈದು ವರ್ಷ ಕಳೆಯುವುದರೊಳಗೆ ಆ ತಟ್ಟೆಗಳನ್ನು ಓದುವ ಯಂತ್ರಗಳೇ ಅಪರೂಪವಾಗಿ, ವಿದ್ವಾಂಸರು ಬಹುವಾಗಿ ಶ್ರಮಿಸಿ ಅದನ್ನು ಮರಳಿ ತೆರೆಯಬೇಕಾಯಿತು. ತೊಗಲಿನ ಮೇಲೆ ಶಾಯಿಯಲ್ಲಿ ಬರೆದ ಮೂಲ ದಫ್ತರವನ್ನಾದರೋ ಇಂದಿಗೂ ಬರಿಗಣ್ಣಿನಿಂದ ಓದಬಹುದು.

ನಮ್ಮ ಮನೆಗಳ ವಿ.ಎಚ್.ಎಸ್. ಕ್ಯಾಸೆಟ್ಟುಗಳ ಗತಿಯೂ ಇದೇ. 1976ರಲ್ಲಿ ಜಪಾನಿನಲ್ಲಿ ಹುಟ್ಟಿದ ಈ ಪದ್ಧತಿಯ ಯಂತ್ರಗಳನ್ನು ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಫುನಾಯ್ 2016ರ ಜುಲೈಯಲ್ಲಿ ತಯಾರಿಕೆಯನ್ನು ನಿಲ್ಲಿಸಿತು. ಯುನೆಸ್ಕೋ ಆಶ್ರಯದಲ್ಲಿ 2019ರಲ್ಲಿ ಒಂದು ಎಚ್ಚರಿಕೆ ಹೊರಟಿತು: ಕಾಂತೀಯ ಟೇಪುಗಳನ್ನು ನುಡಿಸಿ ಉಳಿಸಿಕೊಳ್ಳುವ ಅವಕಾಶ 2025ರ ವೇಳೆಗೆ ಬಹುಮಟ್ಟಿಗೆ ಮುಗಿಯುವುದೆಂದು ತಜ್ಞರ ಅಭಿಪ್ರಾಯವೆಂಬುದಾಗಿ. ಆ ಗಡುವು ಬಂದು ಹೋಯಿತು. ಆದುದರಿಂದ ಕ್ಯಾಸೆಟ್ಟುಗಳುಳ್ಳವರು ಯಾವ ಭಂಡಾರವನ್ನು ಆರಿಸಬೇಕೆಂಬ ಜಿಜ್ಞಾಸೆಗಿಂತ ಮೊದಲು, ಓಡುವ ಯಂತ್ರವೊಂದು ಕೈಗೆ ದೊರೆತಿರುವಾಗಲೇ ಅವುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಅಗತ್ಯ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಬಾರದು. ಹಾಕಿದರೆ ಬೂಷ್ಟು ಯಂತ್ರದ ತಲೆಗೆ ಅಂಟಿ ಮುಂದಿನ ಒಳ್ಳೆಯ ಕ್ಯಾಸೆಟ್ಟೂ ಕೆಡುತ್ತದೆ.

ಮೊದಲು ಅಳತೆ

ಕಣಜ ಕಟ್ಟುವ ಮೊದಲು ಕಾಳನ್ನು ಅಳೆಯಬೇಕು. ನನ್ನ ಸಂಗ್ರಹವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಶ್ರೀಕೃಷ್ಣ ಪಾರಿಜಾತದ ಆಟಗಳು, ಹಂತಿಯ ಪದಗಳು, ಸೋಬಾನೆ, ಗೀಗೀ ಮೇಳಗಳು, ಶಾಲೆಯ ನಾಟಕಗಳು ಇದರಲ್ಲಿ ಸೇರಿವೆ.

ಒಂದು ಗಂಟೆಯ ಮಿನಿ ಡಿ.ವಿ. ಕ್ಯಾಸೆಟ್ಟಿನಲ್ಲಿರುವುದನ್ನು ಇದ್ದಂತೆ ಇಳಿಸಿದರೆ ಸುಮಾರು 13 ಗಿಗಾಬೈಟ್ ಆಗುತ್ತದೆ. ಅಂತಹ 140 ಕ್ಯಾಸೆಟ್ಟುಗಳಿಗೆ 1,820 ಗಿಗಾಬೈಟ್. ವಿ.ಎಚ್.ಎಸ್. 90, ಒಂದೊಂದಕ್ಕೆ ಎರಡು ಗಂಟೆಯಂತೆ 180 ಗಂಟೆ. ಇವನ್ನು ಎಚ್. 264 ಎಂಬ, ಬಹುತೇಕ ಎಲ್ಲ ಯಂತ್ರಗಳೂ ಬಲ್ಲ ಪದ್ಧತಿಯಲ್ಲಿ ಒಳ್ಳೆಯ ಗುಣಮಟ್ಟಕ್ಕೆ ಇಳಿಸಿದಾಗ ಗಂಟೆಗೆ ಸುಮಾರು 3.6 ಗಿಗಾಬೈಟಿನಂತೆ 650 ಆಯಿತು. ಈಚಿನ ಕ್ಯಾಮೆರಾದ 200 ಗಂಟೆಗಳ ಚಿತ್ರಗಳು ಗಂಟೆಗೆ ಸುಮಾರು 11 ಗಿಗಾಬೈಟಿನಂತೆ 2,200. ಅರವತ್ತು ಡಿ.ವಿ.ಡಿ.ಗಳು, ತುಂಬಿವೆಯೆಂದೇ ಹಿಡಿದರೂ, 280. ಒಟ್ಟು 4,950, ಅಂದರೆ ಸ್ಥೂಲವಾಗಿ ಐದು ಟೆರಾಬೈಟ್.

ಇಲ್ಲಿ ಎರಡು ಸೂಚನೆಗಳನ್ನು ಹೇಳಬೇಕು. ಮಿನಿ ಡಿ.ವಿ. ಮತ್ತು ಈಚಿನ ಕ್ಯಾಮೆರಾಗಳಲ್ಲಿ ಚಿತ್ರವು ಆಗಲೇ ಅಂಕಿಗಳ ರೂಪದಲ್ಲಿರುತ್ತದೆ. ಅದನ್ನು ಇದ್ದಂತೆಯೇ ಇಡಬೇಕು. ಜಾಗದ ಆಸೆಗಾಗಿ ಮತ್ತೆ ಹಿಂಡಿದರೆ ಹೋದ ರಸ ಹಿಂದಿರುಗದು. ಎರಡನೆಯದು, ಕ್ಯಾಸೆಟ್ಟು ಓಡಿದಷ್ಟು ಹೊತ್ತು ಕೂಡಲೇಬೇಕು. ನನ್ನ 320 ಗಂಟೆಗಳಿಗೆ ದಿನಕ್ಕೆ ಎರಡು ಗಂಟೆಯಂತೆ 160 ಸಂಜೆಗಳು ಬೇಕಾದವು. ಎಲ್ಲವನ್ನೂ ಒಂದೇ ಮಟ್ಟದಲ್ಲಿ ಕಾಣದೆ, ಬೇರೆಲ್ಲಿಯೂ ಇಲ್ಲದುದು, ಉಪಯುಕ್ತವಾದುದು, ಸಾಧಾರಣವಾದುದು ಎಂದು ಮೂರು ತರಗತಿ ಮಾಡಿ ಮೊದಲನೆಯದನ್ನು ಮೊದಲು ಕೈಗೆತ್ತಿಕೊಂಡೆನು.

ಸಾಧನಗಳ ಗುಣದೋಷಗಳು

ಪೆನ್ ಡ್ರೈವ್ ಮತ್ತು ಎಸ್.ಎಸ್.ಡಿ.: ಇವುಗಳಲ್ಲಿ ಮಾಹಿತಿಯು ಸೂಕ್ಷ್ಮ ಕೋಶಗಳಲ್ಲಿ ಕೂಡಿಟ್ಟ ವಿದ್ಯುದಾವೇಶದ ರೂಪದಲ್ಲಿರುತ್ತದೆ. ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ, ಅದರಲ್ಲಿಯೂ ಬಿಸಿಲ ನಾಡಿನಲ್ಲಿ, ಆ ಆವೇಶ ಮೆಲ್ಲಮೆಲ್ಲನೆ ಸೋರಿಹೋಗಬಹುದು. ಒಯ್ಯುವುದಕ್ಕೆ ಇವು ಉತ್ತಮ, ಕೂಡಿಡುವುದಕ್ಕೆ ಅಲ್ಲ. ಕೆಲವೇ ನೂರು ರೂಪಾಯಿಗೆ ಅನೇಕ ಟೆರಾಬೈಟುಗಳನ್ನು ಕೊಡುವೆವೆಂಬ ಪೆನ್ ಡ್ರೈವುಗಳಂತೂ ಶುದ್ಧ ಮೋಸ. ಅವು ಬರೆದಂತೆ ನಟಿಸಿ, ತಮ್ಮ ನಿಜವಾದ ಅಳತೆ ಮೀರಿದೊಡನೆ ಮಾಹಿತಿಯನ್ನು ಹಾಳುಮಾಡುತ್ತವೆ.

ತಟ್ಟೆಗಳು: ಡಿ.ವಿ.ಡಿ. 4.7 ಗಿಗಾಬೈಟ್, ಬ್ಲೂ-ರೇ 25ರಿಂದ 100 ಗಿಗಾಬೈಟ್ ಹಿಡಿಯುತ್ತವೆ. ಐದು ಟೆರಾಬೈಟಿಗೆ ಡಿ.ವಿ.ಡಿ.ಗಳಾದರೆ ಸಾವಿರಕ್ಕೂ ಮಿಕ್ಕು, 25 ಗಿಗಾಬೈಟಿನ ಬ್ಲೂ-ರೇ ಆದರೆ ಇನ್ನೂರು. ಮನೆಯಲ್ಲಿ ಬರೆದುಕೊಳ್ಳುವ ಡಿ.ವಿ.ಡಿ.ಗಳಲ್ಲಿ ಬಣ್ಣದ ಪದರವಿದ್ದು ಅದು ಬಿಸಿಲು, ತೇವಗಳಿಗೆ ಕೆಡುತ್ತದೆ. ನನ್ನ ಶಿಷ್ಯನ ಕಪಾಟಿನಲ್ಲಿ ಉಳಿದವು ಅದೃಷ್ಟದಿಂದ ಉಳಿದವು. ಎಂ-ಡಿಸ್ಕ್ ಎಂಬ ಜಾತಿಯಲ್ಲಿ ಕಲ್ಲಿನಂತಹ ನಿರವಯವ ಪದರವಿರುವುದರಿಂದ ಸಾವಿರ ವರ್ಷ ಬಾಳುವುದೆಂದು ತಯಾರಕರು ಹೇಳುತ್ತಾರೆ. ಸಾವಿರ ವರ್ಷದ ಮಾತನ್ನು ಪರೀಕ್ಷಿಸಿದವರಿಲ್ಲ. ಸಾಧಾರಣ ತಟ್ಟೆಗಿಂತ ಇದು ಗಟ್ಟಿ ಎಂಬುದು ಮಾತ್ರ ಒಪ್ಪತಕ್ಕದ್ದು. ಆದರೆ ಸೋನಿ ಕಂಪನಿ 2025ರ ಫೆಬ್ರುವರಿಯಲ್ಲಿ ಬರೆಯುವ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು ನಿಲ್ಲಿಸಿದೆ. ಹೊಸ ಕಂಪ್ಯೂಟರುಗಳಲ್ಲಿ ತಟ್ಟೆ ಹಾಕುವ ಬಾಯಿಯೇ ಇರುವುದಿಲ್ಲ. ಅತ್ಯಮೂಲ್ಯವಾದ ಹತ್ತಿಪ್ಪತ್ತು ಗಂಟೆಗಳಿಗೆ ಹೆಚ್ಚಿನ ಪ್ರತಿಯಾಗಿ ಇವು ಸಲ್ಲುತ್ತವೆ. ಇಡೀ ಭಂಡಾರಕ್ಕೆ ಸಲ್ಲವು.

ಎಲ್.ಟಿ.ಓ. ಟೇಪು: ದೊಡ್ಡ ಸಂಸ್ಥೆಗಳು ನೆಚ್ಚುವ ಸಾಧನವಿದು. 2000ದಲ್ಲಿ ಆರಂಭವಾದ ಈ ಪದ್ಧತಿಯ ಎಂಟನೆಯ ಪೀಳಿಗೆಯ ಒಂದು ಕ್ಯಾಸೆಟ್ಟು 12 ಟೆರಾಬೈಟ್, ಒಂಬತ್ತನೆಯದು 18 ಟೆರಾಬೈಟ್ ಹಿಡಿಯುತ್ತದೆ. ಸರಿಯಾಗಿಟ್ಟರೆ ಮೂವತ್ತು ವರ್ಷ ಬಾಳುವುದೆಂದು ಹೇಳಿಕೆ. ಕ್ಯಾಸೆಟ್ಟು ಅಗ್ಗ, ಯಂತ್ರವಾದರೋ ಲಕ್ಷಗಳ ಬಾಬತ್ತು. ಎಂಟನೆಯ ಪೀಳಿಗೆಯ ಯಂತ್ರವು ಏಳನೆಯದರ ಟೇಪನ್ನು ಓದುತ್ತದೆ, ಆರನೆಯದನ್ನು ಓದದು. ಹೀಗೆ ಯಂತ್ರವೂ ಪೀಳಿಗೆಯೊಂದಿಗೆ ಬದಲಾಗಬೇಕು. ಒಬ್ಬ ಗೃಹಸ್ಥನಿಗೆ ಇದು ಆನೆ ಸಾಕುವ ಕೆಲಸ. ನೂರು ಟೆರಾಬೈಟುಗಳ ಸಂಗ್ರಹವುಳ್ಳವರು, ಇಲ್ಲವೆ ಹಲವು ಶಾಲೆಗಳು ಕೂಡಿ ಒಂದು ಯಂತ್ರ ಕೊಳ್ಳುವವರು ಇದನ್ನು ವಿಚಾರಿಸಬಹುದು.

ಅಂತರ್ಜಾಲದ ಭಂಡಾರ, ಎಂದರೆ ಕ್ಲೌಡ್: ನಮ್ಮ ಊರಿಗೆ ಬೆಂಕಿ ಬಿದ್ದರೂ ನೀರು ನುಗ್ಗಿದರೂ ಕೆಡದಿರುವುದು ಇದರ ಗುಣ. ಅಮೆಜಾನ್ ಸಂಸ್ಥೆಯ ‘ಗ್ಲೇಸಿಯರ್ ಡೀಪ್ ಆರ್ಕೈವ್’ ಎಂಬ ಶೀತಲ ಭಂಡಾರವು 2019ರಲ್ಲಿ ಆರಂಭವಾದಾಗ ಒಂದು ಟೆರಾಬೈಟಿಗೆ ತಿಂಗಳಿಗೆ ಸುಮಾರು ಒಂದು ಡಾಲರ್ ಬಾಡಿಗೆಯನ್ನು ಗೊತ್ತುಮಾಡಿತು. ಐದು ಟೆರಾಬೈಟಿಗೆ ಐದು ಡಾಲರ್. ಇದು ಅಗ್ಗವೇ ಸರಿ. ಆದರೆ ಇಟ್ಟದ್ದನ್ನು ಕೇಳಿದರೆ ತೆಗೆದು ಮುಂದಿಡುವುದಕ್ಕೆ ಅರ್ಧ ದಿನದಿಂದ ಎರಡು ದಿನ ಬೇಕು. ಮರಳಿ ಇಳಿಸಿಕೊಳ್ಳುವ ಶುಲ್ಕವನ್ನು ಗಿಗಾಬೈಟಿಗೆ ಒಂಬತ್ತು ಸೆಂಟಿನ ಸಾಮಾನ್ಯ ದರದಂತೆ ಹಿಡಿದರೆ, ಐದು ಟೆರಾಬೈಟಿಗೆ 450 ಡಾಲರ್, ಸುಮಾರು ನಲವತ್ತು ಸಾವಿರ ರೂಪಾಯಿ. ಉಗ್ರಾಣಕ್ಕೆ ಒಳಗೆ ಹೋಗಲು ಕಾಸು, ಹೊರಬರಲು ಹೊನ್ನು! ಸೆಕೆಂಡಿಗೆ 20 ಮೆಗಾಬಿಟ್ ಮೇಲೇರಿಸುವ ಸಂಪರ್ಕದಲ್ಲಿ ಐದು ಟೆರಾಬೈಟನ್ನು ಕಳುಹಿಸಲು, ಎಡೆಬಿಡದೆ ನಡೆದರೂ, 23 ದಿನ ಹಿಡಿಯುತ್ತದೆ. ಬಾಡಿಗೆ ನಿಂತ ದಿನ ಭಂಡಾರವೂ ನಿಲ್ಲುತ್ತದೆ. ಉಚಿತವೆಂಬುದನ್ನು ನಂಬುವಂತೆಯೂ ಇಲ್ಲ: ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಉಚಿತವಾಗಿ ಇಡುವ ಅವಕಾಶ 2021ರ ಜೂನ್ 1ರಿಂದ ಕೊನೆಗೊಂಡಿತು.

ಹಾರ್ಡ್ ಡಿಸ್ಕ್: ನನಗೆ ದ್ರೋಹಮಾಡಿದ ಸಾಧನವನ್ನೇ ಕೊನೆಗೆ ನಾನು ಹೊಗಳಬೇಕಾಗಿದೆ. ದೋಷ ಡಿಸ್ಕಿನದಲ್ಲ, ಒಂದೇ ಡಿಸ್ಕನ್ನು ನೆಚ್ಚಿದವನದು. ಲಕ್ಷಾಂತರ ಡಿಸ್ಕುಗಳನ್ನು ನಡೆಸಿ ಲೆಕ್ಕವನ್ನು ಪ್ರಕಟಿಸುವ ಅಮೆರಿಕದ ಬ್ಯಾಕ್‌ಬ್ಲೇಜ್ ಸಂಸ್ಥೆಯಲ್ಲಿ ವರ್ಷಕ್ಕೆ ಕೆಡುವ ಡಿಸ್ಕುಗಳ ಪ್ರಮಾಣ 2023ರಲ್ಲಿ ನೂರಕ್ಕೆ 1.4, 2024ರಲ್ಲಿ ಸುಮಾರು 1.6 ಇದ್ದಿತು. ಹಗಲಿರುಳು ತಿರುಗುವ ಡಿಸ್ಕುಗಳ ಲೆಕ್ಕವದು. ಕಪಾಟಿನಲ್ಲಿರುವುದಕ್ಕೆ ಅದೇ ಅಂಕಿ ಹೊಂದದು. ಆದರೂ ತತ್ತ್ವವನ್ನು ತಿಳಿಯಲು ನೂರಕ್ಕೆ ಒಂದೂವರೆ ಎಂದು ಹಿಡಿಯೋಣ. ಒಂದು ಡಿಸ್ಕು ಈ ವರ್ಷ ಕೆಡುವ ಸಂಭವ ಸುಮಾರು 67ರಲ್ಲಿ ಒಂದು. ಬೇರೆ ಬೇರೆ ಕಡೆ ಇರುವ ಎರಡು ಡಿಸ್ಕುಗಳು ಒಂದೇ ವರ್ಷದಲ್ಲಿ ಕೆಡುವ ಸಂಭವ ನಾಲ್ಕು ಸಾವಿರದ ನಾನೂರರಲ್ಲಿ ಒಂದು. ಎರಡನೆಯ ಡಿಸ್ಕಿನ ಬೆಲೆಯಿಂದ ನಾವು ಕೊಳ್ಳುವುದು ಈ ಅಂತರವನ್ನು. ‘ಬೇರೆ ಬೇರೆ ಕಡೆ’ ಎಂಬ ಮಾತನ್ನು ಒತ್ತಿ ಹೇಳುತ್ತೇನೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹರಿದಾಗ ಒಂದೇ ಕಪಾಟಿನಲ್ಲಿದ್ದ ಎರಡು ಪ್ರತಿಗಳಿಗೂ ಒಂದು ಪ್ರತಿಗೂ ಭೇದವಿರಲಿಲ್ಲ.

ಎರಡು ಡಿಸ್ಕುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ ಒಂದರ ಪಡಿನೆಳಲನ್ನು ಇನ್ನೊಂದರಲ್ಲಿ ಮೂಡಿಸುವ ‘ರೇಡ್’ ವ್ಯವಸ್ಥೆಯನ್ನು ಅನೇಕರು ಎರಡು ಪ್ರತಿಗಳೆಂದು ಭ್ರಮಿಸುತ್ತಾರೆ. ಕೈತಪ್ಪಿ ಒಂದರಲ್ಲಿ ಅಳಿಸಿದುದು ಮರುಕ್ಷಣವೇ ಇನ್ನೊಂದರಲ್ಲಿಯೂ ಅಳಿಯುತ್ತದೆ. ಕನ್ನಡಿಯ ಪ್ರತಿಬಿಂಬವನ್ನು ಎರಡನೆಯ ಮನುಷ್ಯನೆಂದು ಎಣಿಸಲಾಗದು.

ಕಡಮೆ ವೆಚ್ಚದ ಕ್ರಮ

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರು ಪ್ರಚುರಪಡಿಸಿದ ‘3-2-1’ ಎಂಬ ನಿಯಮ ಈಗ ಎಲ್ಲೆಡೆ ಮಾನ್ಯವಾಗಿದೆ: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಒಂದು ಪ್ರತಿ ಬೇರೆ ಊರಿನಲ್ಲಿ. ಇದನ್ನು ನನ್ನ ಸಂಬಳಕ್ಕೆ ಹೊಂದಿಸಿಕೊಂಡ ಬಗೆ ಹೀಗೆ.

ಎಂಟು ಟೆರಾಬೈಟಿನ ಎರಡು ಹಾರ್ಡ್ ಡಿಸ್ಕುಗಳನ್ನು ಬೇರೆ ಬೇರೆ ಕಂಪನಿಗಳವನ್ನೇ ಆರಿಸಿ ಕೊಂಡೆನು. ಒಂದೇ ಕಂತಿನಲ್ಲಿ ತಯಾರಾದವು ಒಂದೇ ದೋಷದಿಂದ ಒಟ್ಟಿಗೆ ಕೆಡಬಹುದು. ಮೊದಲನೆಯದು ನನ್ನ ಮನೆಯಲ್ಲಿ. ಎರಡನೆಯದು ನೂರಿಪ್ಪತ್ತು ಕಿಲೋಮೀಟರು ದೂರದ ತಂಗಿಯ ಮನೆಯಲ್ಲಿ. ಒಂದರಿಂದ ಇನ್ನೊಂದಕ್ಕೆ ಐದು ಟೆರಾಬೈಟನ್ನು ಇಳಿಸಲು ಸುಮಾರು ಹನ್ನೆರಡು ಗಂಟೆ ಸಾಕಾಯಿತು. ಮೂರನೆಯ ಪ್ರತಿಯನ್ನು ಮೊದಲ ತರಗತಿಯ ಅಪೂರ್ವ ಚಿತ್ರಗಳಿಗೆ ಮಾತ್ರ ಮಾಡಿದೆನು. ಅವು 300 ಗಿಗಾಬೈಟಿಗೆ ಮಿಗಲಿಲ್ಲ; ಅವಕ್ಕೆ ಹನ್ನೆರಡು ಎಂ-ಡಿಸ್ಕ್ ತಟ್ಟೆಗಳೂ ಕ್ಲೌಡಿನ ಒಂದಿಷ್ಟು ಬಾಡಿಗೆಯೂ ಸಾಕು. ಹೀಗೆ ದುಬಾರಿಯಾದ ರಕ್ಷೆಯು ಅತ್ಯಮೂಲ್ಯವಾದುದಕ್ಕೆ ಮಾತ್ರ ಸಲ್ಲುತ್ತದೆ.

ವೆಚ್ಚದ ಲೆಕ್ಕವನ್ನು ಕೊಳ್ಳುವ ದಿನದ ಬೆಲೆಯಿಂದ ಮಾಡಬಾರದು, ಬಾಳುವ ವರ್ಷಗಳಿಂದ ಭಾಗಿಸಿ ನೋಡಬೇಕು. ಡಿಸ್ಕಿನ ಬೆಲೆ ಏರಿಳಿಯುತ್ತಿರುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಒಂದಕ್ಕೆ ಇಪ್ಪತ್ತು ಸಾವಿರ ರೂಪಾಯಿಯೆಂದು ಇಟ್ಟುಕೊಂಡರೆ ಎರಡಕ್ಕೆ ನಲವತ್ತು ಸಾವಿರ. ಐದು ವರ್ಷಕ್ಕೊಮ್ಮೆ ಬದಲಿಸುವುದಾದರೆ ವರ್ಷಕ್ಕೆ ಎಂಟು ಸಾವಿರ, ತಿಂಗಳಿಗೆ ಏಳುನೂರು ರೂಪಾಯಿಯ ಒಳಗೆ. ಐದು ವರ್ಷದ ಬಳಿಕ ಹಳೆಯವನ್ನು ಎಸೆಯದೆ ಹೆಚ್ಚಿನ ಪ್ರತಿಯಾಗಿ ಇರಿಸಿಕೊಳ್ಳಬಹುದು. ಕಂಪನಿಯ ಗ್ಯಾರಂಟಿ ಚೀಟಿಯಿಂದ ಕೆಟ್ಟ ಡಿಸ್ಕಿನ ಬದಲು ಹೊಸ ಡಿಸ್ಕು ಬರುತ್ತದೆ. ಅದರೊಳಗಿದ್ದ ಗುರುಗಳ ಧ್ವನಿ ಬರುವುದಿಲ್ಲ.

ಇಡುವ ಕ್ರಮವೂ ಸುಲಭ. ಡಿಸ್ಕನ್ನು ಮೆತ್ತನೆಯ ಹೊದಿಕೆಯುಳ್ಳ ಡಬ್ಬಿಯಲ್ಲಿಟ್ಟು, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವನ್ನು ಜೊತೆಗಿರಿಸಿ, ನೆಲಕ್ಕಿಂತ ಎತ್ತರದಲ್ಲಿ, ಬಿಸಿಲು ತಾಕದ ಒಳಗೋಡೆಯ ಕಪಾಟಿನಲ್ಲಿಡಬೇಕು. ತಿರುಗುತ್ತಿರುವಾಗ ಅಲುಗಿಸಬಾರದು.

ಗ್ರಂಥಸಂಖ್ಯೆ ಮತ್ತು ಪುಷ್ಪಿಕೆ

ಹಸ್ತಪ್ರತಿಗಳನ್ನು ನೋಡಿದವರು ಬಲ್ಲರು: ಕೃತಿಯ ಕೊನೆಯಲ್ಲಿ ‘ಗ್ರಂಥ ಇಷ್ಟು’ ಎಂದು ಬರೆಯುವ ಸಂಪ್ರದಾಯವಿತ್ತು. ಮೂವತ್ತೆರಡು ಅಕ್ಷರಕ್ಕೆ ಒಂದು ಗ್ರಂಥವೆಂದು ಎಣಿಕೆ. ಪ್ರತಿ ಮಾಡಿದ ಮೇಲೆ ಲೆಕ್ಕ ತಾಳೆಯಾಗದಿದ್ದರೆ ಎಲ್ಲಿಯೋ ಪಾಠ ಬಿಟ್ಟುಹೋಗಿದೆ ಎಂದು ತಿಳಿಯಬಹುದಾಗಿತ್ತು. ಇಂದಿನ ಕಂಪ್ಯೂಟರು ಬಲ್ಲವರು ‘ಚೆಕ್‌ಸಮ್’ ಎನ್ನುವುದು ಇದರ ವಂಶದ್ದೇ. ಒಂದು ವಿಡಿಯೋ ಕಡತವನ್ನು ‘ಎಸ್.ಎಚ್.ಎ. 256’ ಎಂಬ ಗಣಿತಕ್ಕೆ ಒಡ್ಡಿದರೆ ಅರವತ್ತನಾಲ್ಕು ಅಕ್ಷರಗಳ ಒಂದು ಸಂಕೇತ ಹೊರಡುತ್ತದೆ. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಸಂಕೇತವು ಸಂಪೂರ್ಣ ಬೇರೆಯಾಗುತ್ತದೆ. ಇದನ್ನು ಮಾಡುವ ಉಚಿತ ತಂತ್ರಾಂಶಗಳಿವೆ. ನಮ್ಮ ಹತ್ತನೆಯ ತರಗತಿಯ ಹುಡುಗನೊಬ್ಬನು ನನಗೆ ಅರ್ಧ ಗಂಟೆಯಲ್ಲಿ ಕಲಿಸಿದನು. ಸಂಕೇತಗಳ ಪಟ್ಟಿಯನ್ನು ಡಿಸ್ಕುಗಳ ಜೊತೆಗಿರಿಸಿ, ವರ್ಷಕ್ಕೊಮ್ಮೆ ಡಿಸ್ಕುಗಳನ್ನು ಓಡಿಸಿ ತಾಳೆ ನೋಡುತ್ತೇನೆ. ಒಂದರಲ್ಲಿ ಕೆಟ್ಟುದನ್ನು ಇನ್ನೊಂದರಿಂದ ತಿದ್ದುತ್ತೇನೆ. ಈ ಕಾರ್ಯಕ್ಕೆ ಆಯುಧಪೂಜೆಯ ದಿನವನ್ನು ಗೊತ್ತುಮಾಡಿಕೊಂಡಿದ್ದೇನೆ. ಯಂತ್ರಕ್ಕೆ ಕುಂಕುಮವಿಡುವ ದಿನ ಅದರ ಆರೋಗ್ಯವನ್ನೂ ವಿಚಾರಿಸುವುದು ಯುಕ್ತವಷ್ಟೆ.

ಇನ್ನು ಪುಷ್ಪಿಕೆ. ಯಾರು, ಎಲ್ಲಿ, ಯಾವಾಗ, ಯಾರಿಗಾಗಿ ಬರೆದರೆಂಬುದನ್ನು ಲಿಪಿಕಾರನು ಕೊನೆಯಲ್ಲಿ ಹೇಳುತ್ತಿದ್ದನು. ನಮ್ಮ ವಿಡಿಯೋಗಳಿಗೂ ಅದು ಬೇಕು. ಹೆಸರಿಲ್ಲದ ಮುಖಗಳು ಮೂವತ್ತು ವರ್ಷದಲ್ಲಿ ಯಾರವೂ ಅಲ್ಲದವಾಗುತ್ತವೆ. ನನ್ನಲ್ಲಿ 1996ರ ಒಂದು ಹಂತಿಯ ಪದದ ಚಿತ್ರವಿದೆ. ಹಾಡಿದ ಮುದುಕನ ಕಂಠ ಅಸಾಧಾರಣವಾದುದು. ಅವನ ಹೆಸರನ್ನು ನಾನು ಬರೆದುಕೊಳ್ಳಲಿಲ್ಲ. ಆ ಊರಿನಲ್ಲಿ ಈಗ ಅವನನ್ನು ಗುರುತಿಸುವವರಿಲ್ಲ. ಆದುದರಿಂದ ಕಡತದ ಹೆಸರನ್ನು ವರ್ಷ, ತಿಂಗಳು, ದಿನ, ಊರು, ವಿಷಯ ಈ ಕ್ರಮದಲ್ಲಿಟ್ಟು, ಜೊತೆಗೆ ಸಾದಾ ಬರಹದ ಒಂದು ಪುಟವನ್ನು ಸೇರಿಸಬೇಕು. ಆ ಪುಟವನ್ನು ಕಾಗದದ ಮೇಲೆ ಅಚ್ಚು ಮಾಡಿ ಡಬ್ಬಿಯಲ್ಲಿಯೂ ಇಡಬೇಕು. ಅದನ್ನು ಓದುವುದಕ್ಕೆ ಯಂತ್ರ ಬೇಡ. ನಾವು ಹೋದ ಮೇಲೆ ಡಬ್ಬಿ ತೆರೆಯುವವರಿಗೆ ಇದು ಗುಜರಿಯ ಸಾಮಾನಲ್ಲವೆಂದು ತಿಳಿಯುವುದು ಆ ಒಂದು ಕಾಗದದಿಂದಲೇ.

ಬಿನ್ನಹ

ಈ ಸಂಚಿಕೆಯನ್ನು ಓದುವ ಅಧ್ಯಾಪಕ ಬಂಧುಗಳಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ, ದಾನಿಗಳಲ್ಲಿ ನನ್ನದೊಂದು ಪ್ರಾರ್ಥನೆ. ನಿಮ್ಮ ಮನೆಯ ಅಟ್ಟದ ಮೇಲೆ ನಮ್ಮ ಶಾಲೆಯ ನಾಟಕದ, ಕ್ರೀಡೋತ್ಸವದ, ನಿವೃತ್ತರಾದ ಗುರುಗಳ ಬೀಳ್ಕೊಡುಗೆಯ ಕ್ಯಾಸೆಟ್ಟುಗಳು ಇರಬಹುದು. ಅವನ್ನು ಕೇಳಿ ಪಡೆದು, ಇಳಿಸಿಕೊಂಡು ಮೂಲವನ್ನು ಹಿಂದಿರುಗಿಸಲು ನಾನು ಸಿದ್ಧನಿದ್ದೇನೆ. ಓಡುವ ಯಂತ್ರವೊಂದು ಸದ್ಯಕ್ಕೆ ನನ್ನಲ್ಲಿದೆ, ಅದು ಎಷ್ಟು ದಿನ ಓಡೀತೆಂಬುದನ್ನು ಹೇಳಲಾರೆನು. ಕೊಠಡಿಗೂ ಗಡಿಯಾರಕ್ಕೂ ಹೆಸರು ಬರೆಯಿಸಿ ದಾನ ಮಾಡುವ ಮಹನೀಯರು ಒಂದು ಜೊತೆ ಡಿಸ್ಕುಗಳಿಗೂ ಮನಸ್ಸು ಮಾಡಬಹುದು. ಪುರಾಣದ ಸಾವಿರ ಪ್ರತಿ ಮಾಡಿಸಿದ ಅತ್ತಿಮಬ್ಬೆಯ ನಾಡಿನವರು ನಾವು. ನಾನು ಬೇಡುತ್ತಿರುವುದು ಮೂರೇ ಪ್ರತಿಗಳನ್ನು.

ಉಳಿದ ನಾಲ್ಕು ಪಾಠಗಳನ್ನು ಗುರುಗಳ ಮೊಮ್ಮಗಳಿಗೆ ಕೊಟ್ಟಿದ್ದೇನೆ. ಅವಳು ಅವನ್ನು ತನ್ನ ಇಬ್ಬರು ಅಣ್ಣಂದಿರಿಗೂ ಕಳುಹಿಸಿದ್ದಾಳೆ. ನನ್ನಲ್ಲಿ ಎರಡು, ಶಿಷ್ಯನಲ್ಲಿ ಒಂದು, ಅವರಲ್ಲಿ ಮೂರು. ಆ ನಾಲ್ಕು ಪಾಠಗಳಿಗೆ ಈಗ ಆರು ಮನೆಗಳ ಆಶ್ರಯವಿಲ್ಲದಿದ್ದರೂ ಐದು ಮನೆಗಳ ಆಶ್ರಯವುಂಟು, ತಂಗಿಯ ಮನೆಯನ್ನು ಸೇರಿಸಿದರೆ ಆರೂ ಆದವು. ಹೋದ ಏಳನ್ನು ತರುವ ಉಪಾಯ ನನಗೆ ತಿಳಿಯದು.